ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಸಂಜೆ ನಾಲ್ಕಕ್ಕೆ ಶಾಲೆಯ ಗಂಟೆ ಹೊಡೆದ ಮೇಲೆ ಮೈಸೂರಿನ ಯಾವುದಾದರೂ ಬಡಾವಣೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಕುವೆಂಪುನಗರವಾಗಲಿ ಸರಸ್ವತಿಪುರವಾಗಲಿ, ಬೀದಿಗೆ ಬೇರೆಯೇ ಕಳೆ ಬಂದಿರುತ್ತದೆ. ಯೂನಿಫಾರ್ಮ್ ಬಿಚ್ಚಿಹಾಕಿ, ಹಾಲು ಕುಡಿದು, ಕರಾಟೆಯ ಬಿಳಿ ಬಟ್ಟೆ ತೊಟ್ಟ ಹುಡುಗರು ಅಪ್ಪನ ಸ್ಕೂಟರಿನ ಮುಂದೆ ನಿಂತು ಹೊರಡುತ್ತಾರೆ. ಗೆಜ್ಜೆಯ ಚೀಲ ಹಿಡಿದ ಹುಡುಗಿಯರು ಯಾರದೋ ಮನೆಯ ಮಹಡಿ ಹತ್ತುತ್ತಾರೆ. ಒಂದು ಕಿಟಕಿಯಿಂದ ಸರಳೆ ವರಸೆ, ಇನ್ನೊಂದರಿಂದ ಕೀಬೋರ್ಡು. ಅಬಾಕಸ್, ಚೆಸ್, ಡ್ರಾಯಿಂಗ್, ಈಜು, ಸ್ಕೇಟಿಂಗ್. ಇದಾವುದೂ ಇಲ್ಲದವರಿಗೆ ಖಾಲಿ ಸೈಟಿನಲ್ಲಿ ಟೆನಿಸ್ ಬಾಲಿನ ಕ್ರಿಕೆಟ್ಟು. ಮಕ್ಕಳಿಗೆ ತಮ್ಮದೇ ಆದ ಬದುಕು ಸಿಗುವುದು ಆಗ. ಯಾರು ಯಾರ ಗೆಳೆಯ, ಯಾರ ಜೊತೆ ಯಾರು ಠೂ ಬಿಟ್ಟಿದ್ದಾರೆ, ಯಾರ ಮನೆಯ ನಾಯಿ ಮರಿ ಹಾಕಿದೆ, ಎಲ್ಲವೂ ತೀರ್ಮಾನವಾಗುವುದು ಆ ಎರಡು ಮೂರು ಗಂಟೆಗಳಲ್ಲಿ.

ಆ ಬೀದಿಯಲ್ಲಿ ವಾಕರ್ ಹಿಡಿದ ಒಂದು ಮಗು ನಿಮಗೆ ಕಂಡಿತೆ? ಕಿವಿಗೆ ಶ್ರವಣಯಂತ್ರ ಹಾಕಿಕೊಂಡು ಕರಾಟೆ ಸಾಲಿನಲ್ಲಿ ನಿಂತ ಹುಡುಗ? ಡೌನ್ ಸಿಂಡ್ರೋಮ್ ಇರುವ, ಗೆಜ್ಜೆ ಚೀಲ ಹಿಡಿದ ಹುಡುಗಿ? 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ ವಿಕಲಚೇತನರ ಸಂಖ್ಯೆ 13 ಲಕ್ಷ ದಾಟಿತ್ತು. ಆಗ ಎಣಿಕೆಗೆ ಬಂದದ್ದು ಎಂಟು ಬಗೆಯ ವೈಕಲ್ಯ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಅಂದಮೇಲೆ ಇಂಥ ಮಕ್ಕಳು ನಿಮ್ಮ ಬಡಾವಣೆಯಲ್ಲಿ ಇದ್ದೇ ಇದ್ದಾರೆ. ಬೆಳಿಗ್ಗೆ ಶಾಲೆಯ ವ್ಯಾನಿನಲ್ಲಿ ನೀವೇ ನೋಡಿದ್ದೀರಿ. ಆ ಮಗು ಸಂಜೆ ಎಲ್ಲಿಗೆ ಹೋಯಿತು?

ಥೆರಪಿಗೆ ಹೋಯಿತು.

ನನ್ನ ಮಗಳಿಗೆ ಎಂಟು ವರ್ಷ. ಅವಳಿಗೆ ಸೆರೆಬ್ರಲ್ ಪಾಲ್ಸಿ ಇದೆ. ಎಡಗೈ ಮತ್ತು ಎರಡೂ ಕಾಲು ಬಿಗಿ. ಮಾತು ನಿಧಾನ, ಆದರೆ ತಾಳ್ಮೆಯಿಂದ ಕೇಳಿದವರಿಗೆ ಪ್ರತಿಯೊಂದು ಶಬ್ದವೂ ತಿಳಿಯುತ್ತದೆ. ಅವಳ ಸಂಜೆಗಳು ಹೀಗೆ: ಒಂದು ದಿನ ಫಿಸಿಯೋ, ಒಂದು ದಿನ ಓಟಿ (ಆಕ್ಯುಪೇಶನಲ್ ಥೆರಪಿ), ಒಂದು ದಿನ ಸ್ಪೀಚ್, ಮತ್ತೆ ಫಿಸಿಯೋ, ಉಳಿದ ದಿನ ಮನೆಯಲ್ಲೇ ವ್ಯಾಯಾಮ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಮ್ಮೂರಲ್ಲೇ ಇರುವುದು ನಮ್ಮ ಪುಣ್ಯ. ಎಲ್ಲೆಲ್ಲಿಂದಲೋ ರಾತ್ರಿ ಬಸ್ಸು ಹತ್ತಿ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುವ ತಾಯಂದಿರನ್ನು ಅಲ್ಲಿ ಕಂಡಾಗ ಆ ಪುಣ್ಯದ ಬೆಲೆ ಗೊತ್ತಾಗುತ್ತದೆ. ಥೆರಪಿಯ ವಿರುದ್ಧ ನನ್ನದು ಒಂದು ಮಾತೂ ಇಲ್ಲ. ಇವತ್ತು ಅವಳು ಚಮಚ ಹಿಡಿದು ತಾನೇ ಮೊಸರನ್ನ ತಿನ್ನುತ್ತಾಳೆಂದರೆ ಅದು ಆ ಥೆರಪಿಸ್ಟರ ದುಡಿಮೆ. ಆದರೆ ಥೆರಪಿಯ ಕೋಣೆಯಲ್ಲಿ ಇರುವುದು ಒಂದು ಮಗು, ಒಬ್ಬರು ದೊಡ್ಡವರು. ಅಲ್ಲಿ ಚೆಂಡು ಎಸೆಯುವುದು ತೋಳಿನ ಸಲುವಾಗಿ. ಮಣಿ ಪೋಣಿಸುವುದು ಬೆರಳಿನ ಸಲುವಾಗಿ. ಹಾಡುವುದು ನಾಲಿಗೆಯ ಸಲುವಾಗಿ. ಸುಮ್ಮನೆ ಚೆಂಡು ಎಸೆದು ನಗುವ, ಸುಮ್ಮನೆ ಹಾಡುವ ಜಾಗ ಅವಳಿಗೆ ಎಲ್ಲಿದೆ? ಎಂಟು ವರ್ಷದ ಮಗುವಿನ ಸುತ್ತ ಅವಳನ್ನು ಸರಿಪಡಿಸಲು ಹೊರಟವರೇ ತುಂಬಿಕೊಂಡರೆ, ತನ್ನಲ್ಲಿ ಏನೋ ಸರಿಯಿಲ್ಲ ಎನ್ನುವುದೇ ಅವಳು ಕಲಿಯುವ ಮೊದಲ ಪಾಠವಾಗುತ್ತದೆ.

ಅದಕ್ಕೇ ನಾವು ಕ್ಲಾಸುಗಳ ಬಾಗಿಲು ತಟ್ಟುತ್ತೇವೆ. ನನ್ನಂಥ ತಾಯಂದಿರು ಥೆರಪಿಯ ಹೊರಗಿನ ಬೆಂಚಿನ ಮೇಲೆ ಕೂತು ಹೇಳಿಕೊಳ್ಳುವುದೆಲ್ಲ ಇದೇ. ಊರು ಬೇರೆ, ಕ್ಲಾಸು ಬೇರೆ, ಉತ್ತರ ಮಾತ್ರ ಒಂದೇ. "ನಮಗೇನೂ ತೊಂದ್ರೆ ಇಲ್ಲ ಮೇಡಂ, ಬೇರೆ ಪೇರೆಂಟ್ಸ್ ಏನಂತಾರೋ." "ಸ್ವಲ್ಪ ದೊಡ್ಡವಳಾಗ್ಲಿ, ಆಮೇಲೆ ನೋಡೋಣ." "ಬಿದ್ದು ಗಿದ್ದು ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" "ಇಂಥ ಮಕ್ಕಳಿಗೆ ಕಲಿಸೋ ಟ್ರೇನಿಂಗ್ ನಮಗಾಗಿಲ್ಲ." "ಸ್ಪೆಷಲ್ ಸ್ಕೂಲಲ್ಲಿ ಕೇಳಿ ನೋಡಿ, ಅಲ್ಲಿ ಚೆನ್ನಾಗಿ ನೋಡ್ಕೋತಾರೆ." ಒಂದು ಬೇಸಿಗೆ ಶಿಬಿರದವರು ಫೋನಿನಲ್ಲಿ ಹೆಸರು, ವಯಸ್ಸು, ಟೀ ಶರ್ಟಿನ ಸೈಜು ಎಲ್ಲ ಬರೆದುಕೊಂಡರು. ವಾಕರ್ ವಿಷಯ ಹೇಳಿದ ಕೂಡಲೇ, "ಅಯ್ಯೋ, ಸೀಟು ಫುಲ್ ಆಗಿದೆ, ನಾನು ನೋಡ್ಲೇ ಇಲ್ಲ" ಎಂದರು. ಯಾರೂ ಗದರುವುದಿಲ್ಲ. ಕೆಲವರು ಮಗಳ ಗಲ್ಲ ಹಿಡಿದು ಮುದ್ದು ಮಾಡಿ, ಚಾಕಲೇಟು ಕೊಟ್ಟು, ಆಮೇಲೆ ಇಲ್ಲ ಎನ್ನುತ್ತಾರೆ. ಅವಳು ಪಕ್ಕದಲ್ಲೇ ನಿಂತಿರುತ್ತಾಳೆ. ಮಾತು ನಿಧಾನವಾದ ಮಗುವಿಗೆ ಕಿವಿ ನಿಧಾನವಿರುವುದಿಲ್ಲ ಎಂಬುದು ಅವರಲ್ಲಿ ಯಾರಿಗೂ ಹೊಳೆಯುವುದಿಲ್ಲ. ಮನೆಗೆ ಬರುವಾಗ ಆಟೋದಲ್ಲಿ ಅವಳು ನನ್ನನ್ನು ಏನೂ ಕೇಳುವುದಿಲ್ಲ. ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಗೀತ, ನೃತ್ಯ, ಕರಾಟೆ, ಈಜು, ಚಿತ್ರಕಲೆ, ರಂಗಶಿಬಿರ ನಡೆಸುವ ಗುರುಗಳೇ, ಮೇಷ್ಟ್ರುಗಳೇ, ಮೇಡಂಗಳೇ, ಈ ಬರಹ ಎಲ್ಲರಿಗಿಂತ ಹೆಚ್ಚಾಗಿ ನಿಮಗೆ. ಟ್ರೇನಿಂಗ್ ಇಲ್ಲ ಎನ್ನುತ್ತೀರಿ. ನಿಮ್ಮ ಅಳುಕು ಸುಳ್ಳಲ್ಲ, ನನಗೆ ಗೊತ್ತು. ಆದರೂ ಒಂದು ಕ್ಲಾಸಿನ ವಿಷಯ ಹೇಳುತ್ತೇನೆ, ಕೇಳಿ.

ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬ ಸಂಗೀತದ ಮೇಡಂ ಇದ್ದಾರೆ. ಸಂಜೆ ಹೊತ್ತು ಮನೆಯ ಹಜಾರದಲ್ಲಿ ಏಳೆಂಟು ಮಕ್ಕಳಿಗೆ ಪಾಠ. ವಿಶೇಷ ಮಕ್ಕಳಿಗೆ ಕಲಿಸುವ ತರಬೇತಿ ಅವರಿಗೂ ಆಗಿಲ್ಲ. ಮೊದಲ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇವಳು ಆರಾಮಾಗಿ ಕೂತ್ಕೊಳ್ಳೋಕೆ ಏನು ಬೇಕು?" ಬೆನ್ನಿಗೆ ಆಸರೆ ಬೇಕು ಎಂದೆ. ಮರುದಿನ ಹೋದಾಗ ಹಜಾರದ ನಡುವೆ ಇರುತ್ತಿದ್ದ ಜಮಖಾನ ಗೋಡೆಯ ಉದ್ದಕ್ಕೆ ಹಾಸಿತ್ತು. ಮಕ್ಕಳೆಲ್ಲ ಗೋಡೆಗೆ ಒರಗಿ ಕೂತಿದ್ದರು. ಇವಳೊಬ್ಬಳೇ ಒರಗಿ ಕೂತರೆ ಬೇರೆಯಾಗಿ ಕಾಣುತ್ತಾಳೆ ಎಂದು ಅವರಿಗೆ ಹೊಳೆದಿತ್ತು, ಅಷ್ಟೆ. ಆದಿತಾಳದಲ್ಲಿ ಒಂದು ಪೆಟ್ಟು ಹಾಕಿ ಮೂರು ಬೆರಳು ಎಣಿಸಬೇಕು. ಇವಳಿಗೆ ಬೆರಳು ಬಿಡಿಸಲು ಕಷ್ಟ. "ಎಂಟೂ ಪೆಟ್ಟೇ ಹಾಕು ಪುಟ್ಟಿ, ಎಂಟಕ್ಕೆ ಬಂದು ಸೇರಿದ್ರೆ ಆಯ್ತು" ಎಂದರು. ಎರಡನೇ ಕಾಲ ಬಂದಾಗ ನಾನು ಹೆದರಿದೆ, ಆ ವೇಗ ಇವಳ ನಾಲಿಗೆಗೆ ಸಾಧ್ಯವಿರಲಿಲ್ಲ. ಮೇಡಂ ಇವಳಿಗೆ ಒಂದನೇ ಕಾಲದಲ್ಲೇ ಹಾಡಲು ಹೇಳಿ, ಉಳಿದವರಿಗೆ ಎರಡನೇ ಕಾಲದಲ್ಲಿ ಹಾಡಲು ಹೇಳಿದರು. ಅವರು ಎರಡು ಸಲ ಹಾಡಿ ಮುಗಿಸುವ ಹೊತ್ತಿಗೆ ಇವಳು ಒಂದು ಸಲ ಹಾಡಿ ಮುಗಿಸುತ್ತಾಳೆ, ಕೊನೆಯ ಸ್ವರಕ್ಕೆ ಎಲ್ಲರೂ ಒಟ್ಟಿಗೆ ಬಂದು ನಿಲ್ಲುತ್ತಾರೆ. ಈಗ ಅದು ಆ ಕ್ಲಾಸಿನಲ್ಲಿ ಎಲ್ಲರಿಗೂ ಅಭ್ಯಾಸ. ಒಬ್ಬರಾದ ಮೇಲೆ ಒಬ್ಬರು ಒಂದನೇ ಕಾಲ ಹಿಡಿಯುತ್ತಾರೆ. ಸುತ್ತ ಉಳಿದವರೆಲ್ಲ ಓಡುವಾಗ ತಾನು ನಿಧಾನವಾಗಿ ಲಯ ತಪ್ಪದೆ ನಿಲ್ಲುವುದು ಬಹಳ ಕಷ್ಟದ ಪಾಠ ಎನ್ನುತ್ತಾರೆ ಮೇಡಂ. ಅದರಲ್ಲಿ ನನ್ನ ಮಗಳೇ ಎಲ್ಲರಿಗಿಂತ ಗಟ್ಟಿ.

ಪಾಠ ಮುಗಿದ ಮೇಲೆ ಕಾಲಿಗೆ ಸ್ಪ್ಲಿಂಟ್ ಹಾಕಬೇಕು. ಮೊದಮೊದಲು ನಾನೇ ಹೊರಗೆ ಕಾದಿದ್ದು ಹಾಕುತ್ತಿದ್ದೆ. ಈಗ ಅವಳ ಗೆಳತಿಯರು ಹಾಕುತ್ತಾರೆ. ಹಿಮ್ಮಡಿ ಒಳಗೆ ಪೂರ್ತಿ ಕೂರುವವರೆಗೆ ಪಟ್ಟಿ ಎಳೆಯಬಾರದು, ಮೊದಲು ಮೇಲಿನದಲ್ಲ, ಕಣಕಾಲಿನ ಪಟ್ಟಿ ಬಿಗಿಯಬೇಕು ಎಂಬುದು ಒಂಬತ್ತು ವರ್ಷದ ಮಕ್ಕಳಿಗೆ ಗೊತ್ತು. ಅವರಿಗೆ ಯಾರೂ ಟ್ರೇನಿಂಗ್ ಕೊಡಲಿಲ್ಲ. ಎರಡು ಸಲ ನೋಡಿದರು, ಕಲಿತರು.

ಒಂದು ಜಮಖಾನ ಸರಿಸುವುದಕ್ಕೆ ಎಷ್ಟು ಖರ್ಚಾಗುತ್ತದೆ? ಡ್ರಾಯಿಂಗ್ ಕ್ಲಾಸಿನಲ್ಲಿ ಕ್ರೇಯಾನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಬಿಗಿಯಾದ ಕೈಗೂ ಹಿಡಿತ ಸಿಗುತ್ತದೆ, ಕಾಗದದ ನಾಲ್ಕು ಮೂಲೆಗೆ ಟೇಪು ಅಂಟಿಸಿದರೆ ಒಂದೇ ಕೈಯಲ್ಲಿ ಬಣ್ಣ ತುಂಬಬಹುದು. ಕಿವಿ ಕೇಳದ ಮಗು ಇದ್ದರೆ ನೃತ್ಯದ ಮೇಷ್ಟ್ರು ಬೆನ್ನು ತಿರುಗಿಸಿ ಹೇಳಿಕೊಡುವ ಬದಲು ಎದುರು ನಿಂತು ಹೇಳಿಕೊಡಬೇಕು. ಆಟಿಸಂ ಇರುವ ಮಗುವಿಗೆ ಇವತ್ತು ಏನೇನು ನಡೆಯುತ್ತದೆ ಎಂದು ಮೊದಲೇ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದರೆ ಅರ್ಧ ಗಾಬರಿ ಇಳಿಯುತ್ತದೆ, ಸದ್ದು ಹೆಚ್ಚಾದಾಗ ಎದ್ದು ಹೋಗಿ ಕೂರಲು ಒಂದು ಮೂಲೆ ಇದ್ದರೆ ಉಳಿದರ್ಧವೂ ಇಳಿಯುತ್ತದೆ. ಕಾಯ್ದೆ ಕೇಳುವ ಹೊಂದಾಣಿಕೆ ಎಂದರೆ ಬಹುಪಾಲು ಇಂಥವೇ. ಎಲ್ಲ ಮಕ್ಕಳಿಗೂ ಇಷ್ಟರಲ್ಲೇ ಸಾಕಾಗುತ್ತದೆ ಎಂದು ನಾನು ಹೇಳುವುದಿಲ್ಲ. ಫಿಟ್ಸ್ ಬರುವ ಮಗು ನೀರಿಗಿಳಿಯುವಾಗ ಅವನ ಮೇಲೆಯೇ ಕಣ್ಣಿಟ್ಟ ಒಬ್ಬರು ಬೇಕೇ ಬೇಕು. ಏನು ಬೇಕು, ಏನು ಬೇಡ ಎಂಬುದು ತಂದೆ ತಾಯಿಗೆ ಗೊತ್ತಿರುತ್ತದೆ. ಅವರನ್ನು ಕೇಳಿ. ಕೇಳುವ ಮೊದಲೇ ಬಾಗಿಲು ಹಾಕಬೇಡಿ.

ಈ ನಾಡಿಗೆ ಇದೇನೂ ಹೊಸದಲ್ಲ. ಹುಟ್ಟಿನಿಂದಲೇ ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳ ಕಂಠವನ್ನು ಬಾಲ್ಯದಲ್ಲೇ ಗುರುತಿಸಿ ಸಂಗೀತಪಾಠಕ್ಕೆ ಏರ್ಪಾಡು ಮಾಡಿದವರು ಹಾನಗಲ್ಲ ಕುಮಾರಸ್ವಾಮಿಗಳು. ಆ ಗವಾಯಿಗಳು ಕಟ್ಟಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳೂ ಕಣ್ಣಿರುವ ಬಡವರ ಮಕ್ಕಳೂ ಜೊತೆಯಾಗಿ ಕೂತು ಸಂಗೀತ ಕಲಿತರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಒಬ್ಬರು ಮೊದಲು ಹತ್ತಿರ ಕರೆದದ್ದರಿಂದ ಆದದ್ದು ಅದೆಲ್ಲ. ವಿಶೇಷ ಶಿಕ್ಷಣದ ಡಿಪ್ಲೊಮಾ ಇಟ್ಟುಕೊಂಡು ಯಾರೂ ಅದನ್ನು ಶುರು ಮಾಡಿದ್ದಲ್ಲ.

ನಿಯಮ ಬದಲಾಯಿಸಿದರೆ ಆಟ ಕೆಡುತ್ತದೆ ಎನ್ನುವವರು ಅಂಧರ ಕ್ರಿಕೆಟ್ ನೋಡಬೇಕು. ಪ್ಲಾಸ್ಟಿಕ್ ಚೆಂಡಿನೊಳಗೆ ಬಾಲ್ ಬೇರಿಂಗ್ ಹಾಕಿರುತ್ತಾರೆ, ಅದು ಗಲಗಲ ಸದ್ದು ಮಾಡುತ್ತಾ ಬರುತ್ತದೆ. ಬೌಲರ್ "ರೆಡಿ?" ಎಂದು ಕೇಳುತ್ತಾನೆ, ಬ್ಯಾಟು ಹಿಡಿದವನು "ಯೆಸ್" ಎನ್ನುತ್ತಾನೆ, "ಪ್ಲೇ" ಎಂದು ಕೂಗಿಯೇ ಚೆಂಡು ಬಿಡಬೇಕು, ಅದೂ ಕೈ ಕೆಳಗಿನಿಂದ. ಪೂರ್ತಿ ಕಾಣದ ಆಟಗಾರ ಹೊಡೆದ ಒಂದು ರನ್ನು ಎರಡಾಗಿ ಲೆಕ್ಕಕ್ಕೆ ಬರುತ್ತದೆ. ಶಿವಮೊಗ್ಗ ಸೀಮೆಯ ಶೇಖರ್ ನಾಯ್ಕ್ ನಾಯಕತ್ವದಲ್ಲಿ ಭಾರತ 2012ರಲ್ಲಿ ಬೆಂಗಳೂರಿನಲ್ಲೇ ಅಂಧರ ಟಿ20 ವಿಶ್ವಕಪ್ ಗೆದ್ದದ್ದು ಇದೇ ನಿಯಮಗಳಲ್ಲಿ. ಬೀದಿಯಲ್ಲಿ ಕುಂಟೆಬಿಲ್ಲೆ, ಚಿನ್ನಿದಾಂಡು ಆಡಿ ಬೆಳೆದ ನಮಗೂ ಇದು ಗೊತ್ತಿತ್ತು. ಚಿಕ್ಕ ತಮ್ಮನನ್ನು ಬಿಟ್ಟು ಆಡಿದರೆ ಅಮ್ಮ ಬೈಯುತ್ತಾಳೆಂದು ಅವನನ್ನೂ ಸೇರಿಸಿಕೊಂಡು ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತಿದ್ದೆವು. ಅಂಥ ತಮ್ಮನಿಗೂ ಒಂದು ವರ್ಷ ಕಳೆದರೆ ಲೆಕ್ಕದಲ್ಲಿ ಜಾಗ ಸಿಗುತ್ತಿತ್ತು. ನಮ್ಮ ಮಕ್ಕಳಿಗೆ ಆಟವೂ ಇಲ್ಲ. ಸ್ವಾತಂತ್ರ್ಯ ದಿನದಂದು ವೇದಿಕೆಯ ಒಂದು ಮೂಲೆಯಲ್ಲಿ ಬಾವುಟ ಕೊಟ್ಟು ನಿಲ್ಲಿಸಿ ಫೋಟೋ ತೆಗೆಯುತ್ತಾರಲ್ಲ, ಅದನ್ನು ನಾನು ಸೇರಿಸಿಕೊಳ್ಳುವುದು ಎಂದು ಒಪ್ಪಲಾರೆ. ಉಳಿದ ಮಕ್ಕಳಿಗೆ ಎರಡು ತಿಂಗಳ ರಿಹರ್ಸಲ್, ಇವಳಿಗೆ ಐದು ನಿಮಿಷದ ಬಾವುಟ. ಇವಳಿಗೂ ರಿಹರ್ಸಲ್ ಬೇಕು. ತಪ್ಪು ಮಾಡಿ ಬೈಸಿಕೊಳ್ಳುವುದು ಬೇಕು. ಸಾಲಿನಲ್ಲಿ ಜಗಳ ಬೇಕು.

ಕೆಲವರು ಒಳ್ಳೆಯ ಮನಸ್ಸಿನಿಂದಲೇ ಬೇರೆ ದಾರಿ ಹೇಳುತ್ತಾರೆ: ಭಾನುವಾರ ಬೆಳಿಗ್ಗೆ ಒಂದು ಸ್ಪೆಷಲ್ ಬ್ಯಾಚ್ ಮಾಡಿಬಿಡೋಣ, ಫೀಸು ಸ್ವಲ್ಪ ಜಾಸ್ತಿಯಾಗುತ್ತೆ. ಇದಕ್ಕೆ ಒಂದೇ ಮಾತಿನಲ್ಲಿ ಬೇಡ ಎನ್ನಲು ನನಗೆ ಆಗುವುದಿಲ್ಲ. ಸನ್ನೆ ಭಾಷೆಯಲ್ಲಿ ಮಾತಾಡುವ ಮಕ್ಕಳಿಗೆ ತಮ್ಮಂಥವರ ಕೂಟ ಬೇಕು, ಅಲ್ಲಿ ಅವರ ಕೈಗಳು ಓಡುವ ವೇಗ ನೋಡಿದವರಿಗೆ ಅದು ತಿಳಿಯುತ್ತದೆ. ಗದ್ದಲ ತಡೆಯಲಾಗದ ಮಗುವಿಗೆ ಮೊದಲ ಕೆಲವು ವಾರ ಮೂರು ನಾಲ್ಕು ಮಕ್ಕಳ ಗುಂಪೇ ಒಳ್ಳೆಯದು. ಅಂಥ ಬ್ಯಾಚು ದಾರಿಯ ಮೊದಲ ಮೆಟ್ಟಿಲಾಗಿದ್ದರೆ ಸರಿ. ಆದರೆ ನಮ್ಮ ಮಕ್ಕಳನ್ನು ಉಳಿದವರ ಕಣ್ಣಿಗೆ ಬೀಳದಂತೆ ಇಡಲು ಅದನ್ನು ಮಾಡಿದ್ದರೆ, ಜಾಸ್ತಿ ಫೀಸು ಕೊಟ್ಟು ನಾವು ಕೊಂಡುಕೊಳ್ಳುವುದು ಇನ್ನೊಂದು ಥೆರಪಿ ಕೋಣೆಯನ್ನೇ. ನನ್ನ ಮಗಳಿಗೆ ಬೇಕಾದದ್ದು ಶಿಕ್ಷಕರಿಗಿಂತ ಹೆಚ್ಚಾಗಿ ಗೆಳತಿಯರು. ಅವರು ಇರುವುದು ಮಾಮೂಲಿ ಬ್ಯಾಚಿನಲ್ಲಿ.

ಇನ್ನು ಬೇರೆ ಪೇರೆಂಟ್ಸ್. ತಂದೆ ತಾಯಂದಿರೇ, ನಿಮಗೆ ಗೊತ್ತಿಲ್ಲದೆ ನಿಮ್ಮ ಹೆಸರಿನಲ್ಲಿ ನಮ್ಮ ಮಕ್ಕಳನ್ನು ವಾಪಸು ಕಳಿಸಲಾಗುತ್ತಿದೆ. ನಿಮ್ಮಲ್ಲಿ ಯಾರನ್ನಾದರೂ ಕ್ಲಾಸಿನವರು ಯಾವತ್ತಾದರೂ ಕೇಳಿದ್ದಾರೆಯೆ, ಇಂಥ ಮಗು ಬಂದರೆ ನಿಮಗೆ ಆಕ್ಷೇಪವಿದೆಯೆ ಎಂದು? ನಾನು ವಿಚಾರಿಸಿದ ತಂದೆ ತಾಯಂದಿರಲ್ಲಿ ಒಬ್ಬರೂ ಹಾಗೆ ಕೇಳಿಸಿಕೊಂಡಿರಲಿಲ್ಲ. ಹಾಗಾದರೆ ನೀವೇ ಹೋಗಿ ಹೇಳಿ. ನಾಳೆ ಮಗುವನ್ನು ಬಿಡಲು ಹೋದಾಗ, ಚಪ್ಪಲಿ ಬಿಡುವ ಜಾಗದಲ್ಲೇ ನಿಂತು, "ನಮ್ಮ ಮಗನ ಬ್ಯಾಚಿಗೆ ವಿಶೇಷ ಮಕ್ಕಳು ಬಂದ್ರೆ ನಮಗೆ ಸಂತೋಷವೇ" ಎಂದು ಹೇಳಿ. ನಿಮ್ಮ ಈ ಒಂದು ಮಾತು ನನ್ನಂಥವಳ ಹತ್ತು ಮಾತಿಗಿಂತ ಭಾರವಾಗಿ ಬೀಳುತ್ತದೆ, ಏಕೆಂದರೆ ಫೀಸು ಕೊಡುವ ಇಪ್ಪತ್ತು ಮನೆಗಳು ನಿಮ್ಮವು. ಮಗನ ಹುಟ್ಟುಹಬ್ಬಕ್ಕೆ ಇಡೀ ಕ್ಲಾಸನ್ನು ಕರೆಯುವಾಗ ಒಂದು ಹೆಸರು ಬಿಟ್ಟಿದ್ದೀರಾ ನೋಡಿ. "ಪಾಪ, ಅವಳು ಬಂದು ಏನು ಮಾಡ್ತಾಳೆ, ಸುಮ್ನೆ ಅವರಮ್ಮನಿಗೆ ತೊಂದ್ರೆ" ಎಂದು ನೀವೇ ತೀರ್ಮಾನಿಸಬೇಡಿ. ಕೇಕು ತಿನ್ನಲು ಅವಳಿಗೆ ಚೆನ್ನಾಗಿ ಬರುತ್ತದೆ. ನಿಮ್ಮ ಮಗು ನಿಮ್ಮನ್ನು "ಅವಳು ಯಾಕೆ ಹೀಗೆ ನಡೀತಾಳೆ?" ಎಂದು ಕೇಳಿದಾಗ ಶ್ ಎಂದು ಬಾಯಿ ಮುಚ್ಚಿಸಿ ಪಕ್ಕಕ್ಕೆ ಎಳೆದುಕೊಂಡು ಹೋಗುತ್ತೀರಲ್ಲ, ಅದನ್ನು ಬಿಡಿ. "ಅವಳನ್ನೇ ಕೇಳು ಬಾ" ಎಂದು ಕರೆದುಕೊಂಡು ಬನ್ನಿ. ಅವಳು ಹೇಳುತ್ತಾಳೆ, ಸ್ವಲ್ಪ ನಿಧಾನವಾಗಿ.

ಕಾನೂನು ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ, ಚೆನ್ನಾಗಿಯೇ ಇದೆ. ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲೇ ಒಪ್ಪಿಕೊಂಡಿದೆ. ಆಟ, ಮನರಂಜನೆ, ಬಿಡುವಿನ ಚಟುವಟಿಕೆ, ಕ್ರೀಡೆಗಳಲ್ಲಿ ಈ ಮಕ್ಕಳಿಗೆ ಉಳಿದ ಮಕ್ಕಳಷ್ಟೇ ಅವಕಾಶವಿರಬೇಕು ಎಂದು ಅದರ 30ನೇ ವಿಧಿ ಹೇಳುತ್ತದೆ. ನಮ್ಮದೇ 2016ರ ಕಾಯ್ದೆಯ 16ನೇ ಸೆಕ್ಷನ್, ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಎಲ್ಲ ಶಿಕ್ಷಣ ಸಂಸ್ಥೆಗಳೂ ಪಾಠದ ಜೊತೆಗೆ ಆಟೋಟ ಮತ್ತು ಮನರಂಜನೆಯಲ್ಲೂ ಸಮಾನ ಅವಕಾಶ ಕೊಡಬೇಕು ಎನ್ನುತ್ತದೆ. 29 ಮತ್ತು 30ನೇ ಸೆಕ್ಷನ್‌ಗಳು ಕಲೆ, ಸಂಸ್ಕೃತಿ, ಕ್ರೀಡೆಯ ಬಗ್ಗೆಯೇ ಇವೆ. ಹಾಗಾಗಿ ಶಾಲೆಯ ಮುಖ್ಯೋಪಾಧ್ಯಾಯರೇ, ಪಿ.ಟಿ. ಪಿರಿಯಡ್ಡಿನಲ್ಲಿ ನನ್ನ ಮಗಳನ್ನು ಎಲ್ಲರ ನೀರಿನ ಬಾಟಲಿ ಕಾಯಲು ಕೂರಿಸುವುದು ಕರುಣೆಯಲ್ಲ, ಕಾನೂನಿನ ಉಲ್ಲಂಘನೆ. ಶಾಲೆ ಬಿಟ್ಟ ಮೇಲೆ ನಿಮ್ಮದೇ ಮೈದಾನದಲ್ಲಿ ನಡೆಯುವ ಕೋಚಿಂಗಿಗೂ ಇದು ಅನ್ವಯಿಸುತ್ತದೆ ಎಂದು ತಿಳಿದು ನಡೆಯಿರಿ. ಆದರೆ ಯಾರದೋ ಮನೆಯ ಮಹಡಿಯ ಡ್ರಾಯಿಂಗ್ ಕ್ಲಾಸಿಗಾಗಿ ಯಾವ ತಾಯಿ ಕೋರ್ಟಿನ ಮೆಟ್ಟಿಲು ಹತ್ತುತ್ತಾಳೆ? ಹತ್ತಿ ಗೆದ್ದರೂ, ಆದೇಶ ಹಿಡಿದು ಒಳಗೆ ಹೋದ ಮಗುವಿಗೆ ಅಲ್ಲಿ ಯಾರು ನಗುಮುಖ ತೋರಿಸುತ್ತಾರೆ? ಶಾಲೆಯ ಗೇಟಿನವರೆಗೆ ಕಾನೂನು ನಮ್ಮ ಜೊತೆ ಬರುತ್ತದೆ. ನಾಲ್ಕು ಗಂಟೆಯ ನಂತರ ನಾವು ನಿಮ್ಮ ಮನಸ್ಸಾಕ್ಷಿಯ ಕೈಯಲ್ಲಿದ್ದೇವೆ. ಅದಕ್ಕೇ ಕರೆ ಕೊಡುತ್ತಿದ್ದೇನೆ, ಅರ್ಜಿ ಬರೆಯುತ್ತಿಲ್ಲ.

ಹಳ್ಳಿಯ ಮಾತು ಬೇರೆ, ಅದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಅಲ್ಲಿ ಕ್ಲಾಸುಗಳಿಲ್ಲ, ಫೀಸಿಲ್ಲ, ಆಟವೆಲ್ಲ ಬೀದಿಯಲ್ಲಿ, ಗುಡಿಯ ಮುಂದೆ, ಕಣದಲ್ಲಿ. ಅಂಗವೈಕಲ್ಯವಿರುವ ಮಗುವನ್ನು ಜಗಲಿಯ ಮೇಲೆ ಕೂರಿಸಿ ಅವ್ವ ಹೊಲಕ್ಕೆ ಹೋಗಿರುತ್ತಾಳೆ. ತೀವ್ರ ವೈಕಲ್ಯವಿದ್ದರೆ ಶಿಕ್ಷಣವೂ ಮನೆಯಲ್ಲೇ. ಗೃಹಾಧಾರಿತ ಶಿಕ್ಷಣದ ಪಟ್ಟಿಯಲ್ಲಿ ಹೆಸರಿರುತ್ತದೆ, ತಾಲ್ಲೂಕಿನಿಂದ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಬಂದ ದಿನ ಪಾಠ. ಆ ಶಿಕ್ಷಕರ ಮೇಲಿರುವ ಹೊರೆ ನೋಡಿದರೆ ಅವರನ್ನು ದೂರಲು ಬಾಯಿ ಬರುವುದಿಲ್ಲ. ಉಳಿದ ದಿನಗಳಲ್ಲಿ ಆ ಮಗು ಆಟ ನೋಡುತ್ತದೆ. ವರ್ಷಗಟ್ಟಲೆ ನೋಡುತ್ತದೆ. ಗ್ರಾಮ ಪಂಚಾಯಿತಿಯ ಸದಸ್ಯರೇ, ನಿಮ್ಮ ಬಳಿ ವಿಕಲಚೇತನರಿಗೆಂದೇ ಮೀಸಲಿಡುವ ಶೇಕಡ 5ರ ಹಣವಿದೆ. ಅದರಲ್ಲಿ ಸಾಧನ ಸಲಕರಣೆ ಹಂಚಿ ಫೋಟೋ ತೆಗೆಸಿಕೊಂಡದ್ದಾಯಿತು. ಈ ಸಲ ಊರಿನ ಗ್ರಂಥಾಲಯದ, ಅಂದರೆ ಅರಿವು ಕೇಂದ್ರದ, ಮೆಟ್ಟಿಲ ಪಕ್ಕ ಒಂದು ಇಳಿಜಾರು ಮಾಡಿಸಿ, ಒಳಗೆ ಎತ್ತರ ಸರಿಯಿರುವ ಒಂದು ಕೇರಂ ಬೋರ್ಡು ಇಡಿ. ಕೇರಂ ಕೂತು ಆಡುವ ಆಟ, ಗಾಲಿಕುರ್ಚಿಯಲ್ಲಿ ಕೂತವರಿಗೂ ಬೆಂಚಿನಲ್ಲಿ ಕೂತವರಿಗೂ ಅಲ್ಲಿ ವ್ಯತ್ಯಾಸವಿಲ್ಲ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಮನೆಮನೆಯ ಮಕ್ಕಳ ಹೆಸರು ಗೊತ್ತು. ಆ ಮಗುವನ್ನು ಜಗಲಿಯಿಂದ ಕೇಂದ್ರದವರೆಗೆ ತಳ್ಳಿಕೊಂಡು ಬರಲು ಊರಿನ ಹೈಸ್ಕೂಲು ಹುಡುಗರಿದ್ದಾರೆ, ಹೇಳಿದರೆ ಖಂಡಿತ ಮಾಡುತ್ತಾರೆ. ಹೇಳುವವರು ಬೇಕು. ಮಕ್ಕಳ ಗ್ರಾಮಸಭೆಯಲ್ಲಿ ಮೈಕು ಶಾಲೆಯ ಜಾಣ ಹುಡುಗಿಯ ಕೈಗೆ ಹೋಗುವ ಮೊದಲು, ಜಗಲಿಯ ಮೇಲಿರುವ ಮಗು ಆ ಸಭೆಗೆ ಬಂದಿದೆಯೇ ಎಂದು ಒಮ್ಮೆ ನೋಡಿ.

ಆಗದ ಕೆಲಸ ಕೇಳುತ್ತಿಲ್ಲ ನಾನು. ಬೆಂಗಳೂರಿನಲ್ಲಿ ಇಂಥ ಮಕ್ಕಳ ತಂದೆ ತಾಯಂದಿರೇ ಸೇರಿ ಕಟ್ಟಿದ ಕಿಲಿಕಿಲಿ ಎಂಬ ಸಂಸ್ಥೆ ಪಾಲಿಕೆಯ ಜೊತೆ ಕೂಡಿ ಕೋಲ್ಸ್ ಪಾರ್ಕಿನಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಆಡಬಹುದಾದ ಜಾಗ ಮಾಡಿಸಿತು. ಆಮೇಲೆ ಬೇರೆ ಪಾರ್ಕುಗಳಿಗೂ ಅದು ಹೋಯಿತು. ಅದೂ ಇಷ್ಟೇ ಜನರಿಂದ, ನಮ್ಮಂಥವರಿಂದ ಶುರುವಾದದ್ದು.

ಒಂದು ವಿಷಯದಲ್ಲಿ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಹಾಸನ ಜಿಲ್ಲೆಯ ಹಳ್ಳಿಯ ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿದು ಬೆಳ್ಳಿ ತಂದರು. ಹಾಸನದಲ್ಲೇ ಹುಟ್ಟಿದ ಸುಹಾಸ್ ಯತಿರಾಜ್ ಟೋಕಿಯೋದಲ್ಲೂ ಪ್ಯಾರಿಸ್‌ನಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದರು. ಚಿಕ್ಕಮಗಳೂರಿನ ರಕ್ಷಿತಾ ರಾಜು ಕಣ್ಣು ಕಾಣದೆಯೂ, ಜೊತೆಗೆ ಓಡುವವರ ಕೈಗೂ ತನ್ನ ಕೈಗೂ ಒಂದು ದಾರ ಕಟ್ಟಿಕೊಂಡು ಓಡಿ 2018ರ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದಳು. ಅವರ ಬಗ್ಗೆ ನನಗಿರುವ ಗೌರವಕ್ಕೆ ಮಿತಿಯಿಲ್ಲ. ಸಿಟ್ಟು ನಮ್ಮ ಮೇಲೆ. ಪದಕ ಬಂದಾಗ ವಾಟ್ಸಾಪಿನಲ್ಲಿ ಅವರ ಫೋಟೋ ಹಾಕುವ ಬಡಾವಣೆ, ಮೊದಲ ದಿನ ಮೈದಾನಕ್ಕೆ ಬಂದ ಅಂಥದೇ ಇನ್ನೊಂದು ಮಗುವಿಗೆ ಜಾಗವಿಲ್ಲ ಎನ್ನುತ್ತದೆ. ಇನ್ನೂ ಕೆಟ್ಟದ್ದೆಂದರೆ, ನಮ್ಮ ಮಕ್ಕಳನ್ನು ಸೇರಿಸಿಕೊಳ್ಳಲು ಅವರು ಸಾಧಕರಾಗಲೇಬೇಕು ಎಂಬ ಮಾತು. "ಯಾರಿಗೆ ಗೊತ್ತು ಮೇಡಂ, ಮುಂದೆ ಇವಳೂ ದೊಡ್ಡ ಕಲಾವಿದೆ ಆಗಬಹುದು" ಎಂದು ಸಮಾಧಾನ ಹೇಳುತ್ತಾರೆ. ಆಗಬಹುದು, ಆಗದಿರಬಹುದು. ನಿಮ್ಮ ಮಗ ಕರಾಟೆಗೆ ಸೇರಿ ಹಳದಿ ಬೆಲ್ಟಿಗೆ ಬೇಜಾರಾಗಿ ಬಿಟ್ಟನಲ್ಲ, ಆಮೇಲೆ ಗಿಟಾರು ಕೊಡಿಸಿದಿರಿ, ಅದೂ ಅಟ್ಟ ಸೇರಿತಲ್ಲ? ಅದರಿಂದ ಅವನ ಬಾಲ್ಯ ವ್ಯರ್ಥವಾಯಿತೆಂದು ಯಾರಾದರೂ ಹೇಳಿದರೇ? ನನ್ನ ಮಗಳಿಗೂ ಅಷ್ಟು ಕೊಡಿ. ಸಾಧಾರಣವಾಗಿ ಹಾಡುವ, ಚಿತ್ರದಲ್ಲಿ ಗೆರೆಯಾಚೆ ಬಣ್ಣ ಚೆಲ್ಲುವ, ನಾಳೆ ಬರಲ್ಲ ಎಂದು ಹಟ ಹಿಡಿಯುವ, ಬಿಟ್ಟು ಇನ್ನೊಂದಕ್ಕೆ ಸೇರುವ ಅವಕಾಶ. ಪದಕವನ್ನು ಪ್ರವೇಶ ಶುಲ್ಕವಾಗಿ ಕೇಳಬೇಡಿ.

ಇನ್ನು ಸ್ವಲ್ಪ ದಿನಕ್ಕೆ ಪರೀಕ್ಷೆ ಮುಗಿಯುತ್ತದೆ. ಬೇಸಿಗೆ ಶಿಬಿರಗಳ ಬ್ಯಾನರು ಕಂಬಕಂಬಕ್ಕೂ ಏರುತ್ತದೆ: ನಾಟಕ, ಮಣ್ಣಿನಾಟ, ಜನಪದ ಹಾಡು, ಈಜು, ವಯಸ್ಸು ಆರರಿಂದ ಹದಿನಾಲ್ಕು. ಪ್ರಿಂಟಿಂಗ್ ಪ್ರೆಸ್ಸಿಗೆ ಕಳಿಸುವ ಮೊದಲು ಅದರಲ್ಲಿ ಒಂದು ಸಾಲು ಸೇರಿಸಿ: ವಿಶೇಷ ಅಗತ್ಯವಿರುವ ಮಕ್ಕಳಿಗೂ ಇದೇ ಬ್ಯಾಚಿನಲ್ಲಿ ಸ್ವಾಗತ, ಏನು ಬೇಕೆಂದು ಮೊದಲೇ ತಿಳಿಸಿ. ಈ ಒಂದು ಸಾಲು ಕಂಡರೆ, ಕೇಳಿ ಕೇಳಿ ಸುಸ್ತಾಗಿ ಈಗ ಕೇಳುವುದನ್ನೇ ಬಿಟ್ಟ ಎಷ್ಟು ಮನೆಗಳಿಂದ ಫೋನು ಬರುತ್ತದೆ ನೋಡಿ. ಫೋನು ಬಂದಾಗ ಕಾಯಿಲೆಯ ಹೆಸರಿನಿಂದ ಶುರು ಮಾಡಬೇಡಿ. ಮಗುವಿನ ಹೆಸರು ಕೇಳಿ, ಅವನಿಗೆ ಏನು ಇಷ್ಟ ಕೇಳಿ, ಯಾವುದಕ್ಕೆ ಹೆದರುತ್ತಾನೆ ಕೇಳಿ, ಶೌಚಾಲಯಕ್ಕೆ ಹೋಗಲು ಸಹಾಯ ಬೇಕೇ ಎಂದು ಸಂಕೋಚವಿಲ್ಲದೆ ಕೇಳಿ. ಮೆಟ್ಟಿಲಿದ್ದರೆ ಮೆಟ್ಟಿಲಿದೆ ಎಂದು ಹೇಳಿ, ಹೇಗೆ ಹತ್ತಿಸುವುದೆಂದು ಇಬ್ಬರೂ ಸೇರಿ ಯೋಚಿಸೋಣ. ಆಮೇಲೆ ಉಳಿದವರಿಗೆ ಹೇಳುವ ಫೀಸೇ ಹೇಳಿ, ಉಳಿದವರಿಗೆ ಕೊಡುವ ಟೀ ಶರ್ಟೇ ಕೊಡಿ, ಸೋಮವಾರ ಒಂಬತ್ತೂವರೆಗೆ ಕರೆದುಕೊಂಡು ಬನ್ನಿ ಎನ್ನಿ.